ತಂಬಿಗೆಯ ಬಾಯಿ

ನಾಲ್ಕನೇ ಕ್ಲಾಸಿನವರೆಗೆ ನನ್ನ ಚಿತ್ರವೆಂದರೆ ಎರಡು ಗುಡ್ಡ, ನಡುವೆ ಸೂರ್ಯ, ಕೆಳಗೊಂದು ಮನೆ, ಪಕ್ಕದಲ್ಲಿ ತೆಂಗಿನ ಮರ. ಸಾಗರ ತಾಲೂಕಿನ ನಮ್ಮೂರಲ್ಲಿ ಕಣ್ಣು ಹಾಯಿಸಿದಲ್ಲೆಲ್ಲ ಅಡಿಕೆ. ಆದರೂ ತೆಂಗೇ ಬರೆಯುತ್ತಿದ್ದೆ. ಕ್ಲಾಸಲ್ಲಿ ಎಲ್ಲರೂ ಅದನ್ನೇ ಬರೆಯುತ್ತಿದ್ದರು.

ಮನೆಯಲ್ಲಿ ಅಜ್ಜಿಯದು ಬೇರೆಯೇ ಲೋಕ. ಭೂಮಿತಾಯಿಯನ್ನು ಪೂಜಿಸುವ ಭೂಮಿ ಹುಣ್ಣಿಮೆ ಹಬ್ಬ ಹತ್ತಿರ ಬಂದರೆ ಅಜ್ಜಿ, ಹೊಲಕ್ಕೆ ನೈವೇದ್ಯ ಒಯ್ಯುವ ಭೂಮಣ್ಣಿ ಬುಟ್ಟಿಗೆ ಚಿತ್ತಾರ ಬರೆಯಲು ಕೂರುತ್ತಿದ್ದರು. ನಮ್ಮ ದೀವರ ಸಮುದಾಯದ ಮನೆಗಳಲ್ಲಿ ಇದು ಹೆಣ್ಣುಮಕ್ಕಳ ಕೈಯ ಕೆಲಸ. ಬುಟ್ಟಿಗೆ ಕೆಮ್ಮಣ್ಣು ಬಳಿದು ಒಣಗಿಸಬೇಕು. ನೆನೆಸಿ ಅರೆದ ಅಕ್ಕಿಯಿಂದ ಬಿಳಿ, ಕರಿದಾಗುವವರೆಗೆ ಹುರಿದ ಅಕ್ಕಿಯಿಂದ ಕಪ್ಪು, ಗುರಿಗೆ ಕಾಯಿಯಿಂದ ಹಳದಿ. ಕುಂಚವೆಂದರೆ ಪುಂಡಿ ನಾರು, ಅಷ್ಟೆ. ಎಳೆ, ಅಂದರೆ ಗೆರೆ, ಎಳೆಯುವಾಗ ಅಜ್ಜಿ ಉಸಿರು ಬಿಗಿಹಿಡಿಯುತ್ತಿದ್ದರು. ಬುಟ್ಟಿಯ ಈ ಅಂಚಿನಿಂದ ಆ ಅಂಚಿಗೆ ಗೆರೆ ಮುಟ್ಟಿದ ಮೇಲೇ ಉಸಿರು ಬಿಡುವುದು. ನನಗೆ ಸಿಗುತ್ತಿದ್ದದ್ದು ಚುಕ್ಕೆ ಇಡುವ ಕೆಲಸ ಮಾತ್ರ.

ಹೈಸ್ಕೂಲಿಗೆ ಬಂದಾಗ ಡ್ರಾಯಿಂಗ್ ಮೇಷ್ಟ್ರು ಲೋವರ್ ಗ್ರೇಡ್ ಎಂಬ ಚಿತ್ರಕಲಾ ಪರೀಕ್ಷೆಗೆ ಕೂರಿಸಿದರು. ವಸ್ತು ಚಿತ್ರದಲ್ಲಿ ನಾನು ಸೋತುಹೋದೆ. ನನ್ನ ತಂಬಿಗೆಯ ಬಾಯಿ ಎರಡೂ ತುದಿಯಲ್ಲಿ ಚೂಪಾಗಿ ಬಾದಾಮಿಯಂತಿರುತ್ತಿತ್ತು, ತಳ ನೇರ ಗೆರೆ. ನೋಡಿದವರಿಗೆ ಅದು ಬೀಳುತ್ತದೇನೋ ಅನಿಸಬೇಕು, ಹಾಗಿತ್ತು. ಮೇಷ್ಟ್ರು ಒಂದು ಮಾತೂ ಆಡದೆ ತಂಬಿಗೆಯನ್ನು ನನ್ನ ಕಣ್ಣಿನ ಮಟ್ಟಕ್ಕೆ ಹಿಡಿದರು. ಬಾಯಿ ಒಂದು ಗೆರೆಯಷ್ಟೇ ಕಂಡಿತು. ಸ್ಟೂಲಿನ ಮೇಲಿಟ್ಟರು, ತುಸು ತೆರೆಯಿತು. ನೆಲಕ್ಕಿಟ್ಟರು, ಅಗಲವಾಗಿ ತೆರೆದುಕೊಂಡಿತು. "ತಳ ಬಾಯಿಗಿಂತ ಕೆಳಗಿದೆಯಲ್ಲ, ಅದರ ಸುತ್ತು ಇನ್ನೂ ಹೆಚ್ಚು ಬಾಗಬೇಕು" ಅಂದರು. ಅವತ್ತು ಸಂಜೆ ಅಡುಗೆಮನೆಯಲ್ಲಿ ಕೊಡ, ಚೆಂಬು, ಲೋಟ, ಒರಳು ಎಲ್ಲದರ ಮುಂದೆ ಕೂತು ಎದ್ದು ನೋಡಿದೆ. ವರ್ಷಗಟ್ಟಲೆ ನೀರು ಕುಡಿದ ಲೋಟವನ್ನು ಅಂದೇ ಮೊದಲು ಕಂಡಂತಾಯಿತು. ಈಗಲೂ ಚಿತ್ರಕಲೆ ನನಗೆ ಶುರುವಾದದ್ದು ಯಾವಾಗ ಅಂದರೆ ಆ ಸಂಜೆಯನ್ನೇ ಹೇಳುತ್ತೇನೆ.

ಆಮೇಲಿನದು ಬರೀ ರೂಢಿ. ಭುಜದಿಂದ ಕೈಯಾಡಿಸಿ ಹಗುರಾಗಿ ನಾಲ್ಕೈದು ಸುತ್ತು ಎಳೆದು, ಸರಿ ಕಂಡದ್ದನ್ನು ಗಟ್ಟಿ ಮಾಡುವುದು. ರಬ್ಬರ್ ಕೊನೆಗೆ. ಒಮ್ಮೆ 6ಬಿ ಎಂಬ ಮೆತ್ತನೆಯ ಕಪ್ಪು ಪೆನ್ಸಿಲ್ಲಿನ ನೆರಳು ಅಂಗೈಗೆ ಒರೆಸಿಹೋಗಿ ಇಡೀ ಹಾಳೆ ಬೂದುಬಣ್ಣವಾಯಿತು. ಅಂದಿನಿಂದ ಕೈ ಕೆಳಗೆ ರಟ್ಟು ಕಾಗದ ಇಟ್ಟುಕೊಳ್ಳುತ್ತೇನೆ. ಹತ್ತನೇ ಕ್ಲಾಸಿನಲ್ಲಿ ಹೈಯರ್ ಗ್ರೇಡೂ ಮುಗಿಯಿತು. ರಜೆಯಲ್ಲಿ ಸೈಕಲ್ ತುಳಿದು ಕೆಳದಿಗೆ ಹೋಗಿ, ದೇವಸ್ಥಾನದ ಚಾವಣಿಯ ಗಂಡಭೇರುಂಡವನ್ನು ಕುತ್ತಿಗೆ ನೋಯುವವರೆಗೆ ನೋಡಿ ಬರೆಯುತ್ತಿದ್ದೆ. ಎರಡು ತಲೆಗಳ ನಡುವಿನ ಖಾಲಿ ಜಾಗವನ್ನು ಮೊದಲು ಬರೆದರೆ ತಲೆಗಳು ತಾವಾಗಿ ಕೂರುತ್ತವೆ ಅಂತ ಗೊತ್ತಾದದ್ದು ಅಲ್ಲೇ.

ಕಳೆದ ಭೂಮಿ ಹುಣ್ಣಿಮೆಗೆ ಅಜ್ಜಿಯ ಕೈ ನಡುಗುತ್ತಿತ್ತು. ನಾರಿನ ಕುಂಚ ನನ್ನ ಕೈಗೆ ಬಂತು. ಉಸಿರು ಬಿಗಿಹಿಡಿದು ಎಳೆದೆ, ಮೂಲೆಯಲ್ಲಿ ಗೆರೆ ಬಳುಕಿತು. ಕೆಮ್ಮಣ್ಣಿನ ಮೇಲೆ ಒರೆಸುವಂತಿಲ್ಲ. ಅಜ್ಜಿ ನನ್ನ ಕೈ ಹಿಡಿದು ಎರಡನೇ ಎಳೆಯನ್ನೂ ಅದೇ ಮೂಲೆಯಲ್ಲಿ ಅಷ್ಟೇ ಬಳುಕಿಸಿದರು. ಐದನೇ ಎಳೆಯ ಹೊತ್ತಿಗೆ ಅದು ಬೇಕೆಂದೇ ಬರೆದ ಹಾಗೆ ಕಾಣುತ್ತಿತ್ತು.