ಪೊಂಗಲ್ ಹಿಂದೆ ಬಾಣ ಎಳೆಯಿರಿ

ನನ್ನ ಪಿಯುಸಿ ಮಕ್ಕಳಿಗೆ ಹೇಳುವುದಿಷ್ಟೇ: ಜೀರ್ಣಕ್ರಿಯೆಯ ಹಾರ್ಮೋನುಗಳ ಪಟ್ಟಿ ಉರು ಹೊಡೆಯಬೇಡಿ, ತುಪ್ಪದ ಪೊಂಗಲ್ ಹೋದ ದಾರಿ ಹಿಡಿಯಿರಿ.

ಮೊದಲು ಜಠರದ ಚಿತ್ರ ಬರೆಯಿರಿ. ಬೇಳೆಯ ಪ್ರೋಟೀನ್ ಅಲ್ಲಿಗೆ ಬಂದರೆ ಗ್ಯಾಸ್ಟ್ರಿನ್ ಎಂಬ ಹಾರ್ಮೋನು ರಕ್ತಕ್ಕೆ ಸೇರುತ್ತದೆ, ಆಮ್ಲ ಜಾಸ್ತಿಯಾಗುತ್ತದೆ.

ಮುಂದೆ ಸಣ್ಣ ಕರುಳು. ಆಮ್ಲ ತಾಗಿದ ಕೂಡಲೇ ಸೆಕ್ರೆಟಿನ್ ಹಾರ್ಮೋನು ಹೊರಡುತ್ತದೆ. ಮೇದೋಜೀರಕ ಗ್ರಂಥಿಗೆ ಬಾಣ ಎಳೆದು ‘ಬೈಕಾರ್ಬೊನೇಟ್’ (ಆಮ್ಲ ತಗ್ಗಿಸುವ ಕ್ಷಾರ) ಎಂದು ಬರೆಯಿರಿ. 1902ರಲ್ಲಿ ಲಂಡನ್ನಿನಲ್ಲಿ ವಿಜ್ಞಾನಿಗಳಾದ ಬೇಲಿಸ್, ಸ್ಟಾರ್ಲಿಂಗ್ ನಾಯಿಯ ಕರುಳಿನ ನರಗಳನ್ನು ಕತ್ತರಿಸಿ ನೋಡಿದರು. ಆದರೂ ಕರುಳಿಗೆ ಆಮ್ಲ ಹಾಕಿದಾಗ ಮೇದೋಜೀರಕ ರಸ ಬಂತು! ಸುದ್ದಿ ರಕ್ತದಲ್ಲೇ ಹೋಗಿರಬೇಕು, ಅಲ್ವಾ?

ತುಪ್ಪಕ್ಕೆ ಸಿಸಿಕೆ (ಕೊಲೆಸಿಸ್ಟೊಕೈನಿನ್) ಹಾರ್ಮೋನು. ಇದಕ್ಕೆ ಮೂರು ಬಾಣ ಬೇಕು: ಪಿತ್ತಕೋಶ ಹಿಂಡಲಿ, ಮೇದೋಜೀರಕ ಗ್ರಂಥಿ ಕಿಣ್ವ ಬಿಡಲಿ, ಜಠರ ನಿಧಾನವಾಗಿ ಖಾಲಿಯಾಗಲಿ. ಮೂರನೆಯದನ್ನೇ ಎಲ್ಲರೂ ಮರೆಯುತ್ತಾರೆ. ತುಪ್ಪ ಸುರಿದ ಊಟದ ನಂತರ ಹೊಟ್ಟೆ ಭಾರ ಅನ್ನಿಸುವುದು ಸುಮ್ನೆ ಅಲ್ಲ.

ಅನ್ನದ ಗ್ಲುಕೋಸಿಗೆ ಜಿಐಪಿ, ಇದೂ ಕರುಳಿನ ಹಾರ್ಮೋನೇ. ಮುಖ್ಯ ಬಾಣ ಇನ್ಸುಲಿನ್ ಕಡೆಗೆ.