ಡಾಕ್ಸ್ ಜಿಪ್‌ಗೂ ಒಂದು ಸ್ವಂತ ನಂಬರ್

ನಾನು ಒಂದು ಚಿಕ್ಕ ಓಪನ್ ಸೋರ್ಸ್ ಟೂಲ್‌ನ ಡಾಕ್ಯುಮೆಂಟೇಶನ್ ನೋಡಿಕೊಳ್ಳುತ್ತೇನೆ. ಸ್ಫಿಂಕ್ಸ್ ಅನ್ನೋ ಡಾಕ್ಯುಮೆಂಟೇಶನ್ ತಯಾರಿಸುವ ಟೂಲ್‌ನಲ್ಲಿ ಬರೆದು, ಎಚ್‌ಟಿಎಂಎಲ್ ಪುಟ ಮಾಡಿ, ಅದನ್ನೇ ಜಿಪ್ ಮಾಡಿ ಡೌನ್‌ಲೋಡ್‌ಗೆ ಇಡುತ್ತೇನೆ. ನೆಟ್ ಇಲ್ಲದ ಲ್ಯಾಬ್‌ಗಳಲ್ಲಿ ಕೂತವರಿಗೆ ಆ ಜಿಪ್ಪೇ ಗತಿ.

ತಲೆನೋವು ಎಲ್ಲಿ ಅಂದ್ರೆ, ಸಾಫ್ಟ್‌ವೇರ್ ಬದಲಾಗದಿದ್ದರೂ ಡಾಕ್ಸ್ ಬದಲಾಗುತ್ತಲೇ ಇರುತ್ತದೆ. ಟೂಲ್‌ನ 2.4.1 ಆವೃತ್ತಿ ಹೊರಬಂದ ಮೇಲೆ ಯಾವುದೋ ಉದಾಹರಣೆ ತಿದ್ದುತ್ತೇವೆ, ಬಿಟ್ಟುಹೋದ ಆಪ್ಶನ್ ಸೇರಿಸುತ್ತೇವೆ. ಹಳೇ ಹೆಸರಲ್ಲೇ ಹೊಸ ಜಿಪ್ ಹಾಕಿದರೆ ಇಬ್ಬರ ಹತ್ತಿರ ಒಂದೇ ಹೆಸರಿನ ಎರಡು ಬೇರೆ ಫೈಲ್ ಇರುತ್ತವೆ. ಆಮೇಲೆ ಯಾರಾದರೂ ಬಗ್ ರಿಪೋರ್ಟ್ ಹಾಕಿದರೆ, ಅವರು ಓದಿದ್ದು ಯಾವುದನ್ನ ಅಂತ ಪತ್ತೆ ಹಚ್ಚೋದೇ ಒಂದು ಕೆಲಸ.

2.4.1.1 ಅಂತ ಹಾಕೋಣ ಅಂದ್ರೆ ಹೊಸ ಸಾಫ್ಟ್‌ವೇರ್ ಬಂದಿದೆ ಅಂದ್ಕೊಳ್ಳುತ್ತಾರೆ. ಆವೃತ್ತಿಗೆ ನಂಬರ್ ಕೊಡೋಕೆ ತುಂಬಾ ಜನ ಬಳಸುವ ಸೆಮ್‌ವರ್ ನಿಯಮವೂ ಇಲ್ಲಿ ಕೈ ಕೊಡುತ್ತದೆ. ಅದರಲ್ಲಿ ಹೈಫನ್ ಆದಮೇಲೆ ಬರೋದು ಪ್ರೀ-ರಿಲೀಸ್ (ಬಿಡುಗಡೆಗೆ ಮುಂಚಿನದು), ಅಂದ್ರೆ 2.4.1-3 ಅನ್ನೋದು 2.4.1ಕ್ಕಿಂತ ಹಳೆಯದು! ಪ್ಲಸ್ ಚಿಹ್ನೆ ಹಾಕಿದರೆ ಅದರ ನಂತರದ್ದನ್ನು ಹೋಲಿಕೆಗೆ ತೆಗೆದುಕೊಳ್ಳೋದೇ ಇಲ್ಲ. ಆದರೆ ಡೆಬಿಯನ್ ಲಿನಕ್ಸ್‌ನಲ್ಲಿ ಹೈಫನ್ ನಂತರದ ಅಂಕಿ ಪ್ಯಾಕೇಜಿನ ಪರಿಷ್ಕರಣೆ (ರಿವಿಷನ್). ಆಲ್ಪೈನ್, ಜೆಂಟೂ ಅನ್ನೋ ಲಿನಕ್ಸ್‌ಗಳಲ್ಲಿ ಅದನ್ನೇ ಆರ್1, ಆರ್2 ಅಂತ ಬರೆಯುತ್ತಾರೆ. ನಾನು ಹಿಡಿದಿದ್ದು ಅದೇ ದಾರಿ: ಟೂಲ್ ಹೆಸರು, ಡಾಕ್ಸ್, 2.4, ಆರ್03.

ಇಲ್ಲಿ 2.4.1 ಅಲ್ಲ, ಬರೀ 2.4. ಸಣ್ಣಪುಟ್ಟ ತಿದ್ದುಪಡಿಯ ಪ್ಯಾಚ್ ಬಿಡುಗಡೆಗೆಲ್ಲ ಬೇರೆ ಮ್ಯಾನ್ಯುಯಲ್ ಬೇಕಾಗಲ್ಲ, ಅಲ್ವಾ? ಸ್ಫಿಂಕ್ಸ್‌ನ ಸೆಟ್ಟಿಂಗ್ ಫೈಲಿನಲ್ಲೂ ಚಿಕ್ಕ ನಂಬರ್‌ಗೆ ವರ್ಷನ್, ಪೂರ್ತಿ ನಂಬರ್‌ಗೆ ರಿಲೀಸ್ ಅಂತ ಎರಡು ಜಾಗ ಇವೆ. ನಾನು ರಿಲೀಸ್ ಜಾಗದಲ್ಲಿ ಆರ್03 ಸಮೇತ ಬರೆಯುತ್ತೇನೆ, ನಮ್ಮ ಟೆಂಪ್ಲೇಟ್ ಅದನ್ನು ಪ್ರತಿ ಪುಟದ ಅಡಿಗೂ ಹಾಕುತ್ತದೆ. ಮುಂದಿನ ಸೊನ್ನೆ ಯಾಕೆ ಅಂದ್ರೆ, ಅದಿಲ್ಲದಿದ್ದರೆ ಅಕ್ಷರ ನೋಡಿ ಜೋಡಿಸುವ ಪಟ್ಟಿಯಲ್ಲಿ ಆರ್10 ಹೋಗಿ ಆರ್2ರ ಮುಂದೆ ಕೂರುತ್ತದೆ.

ಜಿಪ್ ಒಳಗಿನ ಫೋಲ್ಡರ್‌ಗೂ ಇದೇ ಹೆಸರು. ಇಲ್ಲಾಂದ್ರೆ ಎರಡು ಆವೃತ್ತಿ ಒಂದೇ ಕಡೆ ಬಿಚ್ಚಿದವರ ಗತಿ ದೇವರಿಗೇ ಪ್ರೀತಿ.

ಡೌನ್‌ಲೋಡ್ ಪುಟದ 'ಲೇಟೆಸ್ಟ್' ಲಿಂಕ್ ಅನ್ನೋದು ಬರೀ ರಿಡೈರೆಕ್ಟ್ (ಹೊಸ ಜಿಪ್ ಕಡೆಗೆ ಕಳಿಸುವ ವಿಳಾಸ), ಫೈಲ್ ಅಲ್ಲ. ಬ್ರೌಸರ್‌ನಲ್ಲಿ ಇಳಿಸಿದರೆ ನಿಜವಾದ ಹೆಸರಲ್ಲೇ ಸೇವ್ ಆಗುತ್ತದೆ. ಕಮಾಂಡ್ ಲೈನ್‌ನಿಂದ ಫೈಲ್ ಇಳಿಸುವ ಡಬ್ಲ್ಯೂಗೆಟ್ ಮಾತ್ರ ಹಠಮಾರಿ, ಟ್ರಸ್ಟ್-ಸರ್ವರ್-ನೇಮ್ಸ್ ಆಪ್ಶನ್ ಕೊಡದಿದ್ದರೆ 'ಲೇಟೆಸ್ಟ್' ಹೆಸರಲ್ಲೇ ಉಳಿಸುತ್ತದೆ. ಪುಟದ ಅಡಿಯಲ್ಲಿ ನಂಬರ್ ಇರಬೇಕು ಅಂತ ನಾನು ಹಠ ಹಿಡಿದಿದ್ದು ಇದಕ್ಕೇ.

ಇನ್ನೊಂದು ಕಿರಿಕಿರಿ ಇತ್ತು. ಒಂದಕ್ಷರ ಬದಲಾಗದಿದ್ದರೂ ಮತ್ತೆ ಬಿಲ್ಡ್ ಮಾಡಿದರೆ ಜಿಪ್‌ನ ಎಸ್‌ಎಚ್‌ಎ-256 ಚೆಕ್‌ಸಮ್ (ಫೈಲಿನ ಬೆರಳಚ್ಚು ಇದ್ದ ಹಾಗೆ) ಬೇರೆ ಬರುತ್ತದೆ, ಯಾಕಂದ್ರೆ ಜಿಪ್ ಪ್ರತಿ ಫೈಲಿನ ಸಮಯವನ್ನೂ ಒಳಗೆ ಇಟ್ಟುಕೊಳ್ಳುತ್ತದೆ. ಈಗ ಆ ಸಮಯಗಳನ್ನೆಲ್ಲ ಗಿಟ್‌ನ ಕೊನೆಯ ಕಮಿಟ್ ಸಮಯಕ್ಕೆ (ಕೊನೆಯ ಬದಲಾವಣೆ ದಾಖಲಾದ ಹೊತ್ತು) ಕಟ್ಟಿದ್ದೇನೆ, ಫೈಲ್‌ಗಳನ್ನು ಸೇರಿಸುವ ಕ್ರಮವೂ ಗಟ್ಟಿ. ಚೆಕ್‌ಸಮ್ ಬದಲಾಗದಿದ್ದರೆ ಹೊಸ ಆರ್ ನಂಬರ್ ಇಲ್ಲ, ಸ್ಕ್ರಿಪ್ಟೇ ತಡೆಯುತ್ತದೆ. ಹಳೇ ಆರ್‌ಗಳನ್ನು ಅಳಿಸಲ್ಲ, ಹೇಗೂ ಒಂದೊಂದು ಕೆಲವೇ ಎಂಬಿ.