ಬೀಳುವ ಲೆಕ್ಕ ಮೊದಲು ಮಾಡಿದೆ

ಗಲ್ಫ್‌ನಲ್ಲಿ ದುಡಿದು ಊರಿಗೆ ಬಂದವರಿಗೆ ಅಲ್ಲಿನ ಕಂಪನಿಯಿಂದ ಪಿಂಚಣಿ ಎಂಬುದಿಲ್ಲ. ಶಾರ್ಜಾದ ಕಂಪನಿಯೊಂದರಲ್ಲಿ ಅಕೌಂಟೆಂಟ್ ಆಗಿದ್ದವನು ನಾನು. ಅರವತ್ತಾದ ಮೇಲೆ ಬದಿಯಡ್ಕ ಕಡೆಯ ನಮ್ಮ ಮನೆಗೆ ವಾಪಸಾದೆ. ಕೈಯಲ್ಲಿದ್ದದ್ದು ಗ್ರಾಚ್ಯುಟಿ ಮತ್ತು ಕೂಡಿಟ್ಟ ಎನ್‌ಆರ್‌ಇ ಠೇವಣಿ, ಅಂದರೆ ಅನಿವಾಸಿಗಳು ಇಲ್ಲಿನ ಬ್ಯಾಂಕಿನಲ್ಲಿ ಇಡುವ ಹಣ. ಅಲ್ಲಿನ ಗ್ರಾಚ್ಯುಟಿ ಲೆಕ್ಕ ಸರಳ: ಮೊದಲ 5 ವರ್ಷ, ವರ್ಷಕ್ಕೆ 21 ದಿನದ ಮೂಲ ಸಂಬಳ, ಆಮೇಲೆ ವರ್ಷಕ್ಕೆ 30 ದಿನದ್ದು. ಎಲ್ಲ ಸೇರಿ ಸುಮಾರು 80 ಲಕ್ಷ. ತಿಂಗಳ ಖರ್ಚು 40 ಸಾವಿರದ ಆಸುಪಾಸು. ಅಡಿಕೆ ತೋಟ ಇದೆ, ಆದರೆ ಅದರ ಆದಾಯವನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಮಳೆ ಜಾಸ್ತಿಯಾಗಿ ಕೊಳೆರೋಗ ಬಂದ ವರ್ಷ ಮದ್ದು ಬಿಟ್ಟ ಖರ್ಚೂ ಹುಟ್ಟುವುದಿಲ್ಲ.

ಊರಿಗೆ ಬಂದ ಕೂಡಲೇ ಸಲಹೆ ಕೊಡುವವರಿಗೆ ಬರವೇ ಇರಲಿಲ್ಲ. ಭಾವ ಹೇಳಿದರು, "ಸೊಸೈಟಿಯಲ್ಲಿ ಇಡು ಮಾರಾಯ, ಬಡ್ಡಿ ಜಾಸ್ತಿ." ಬ್ಯಾಂಕಿನಲ್ಲಿ ಒಬ್ಬ ಹುಡುಗ ಠೇವಣಿ ನವೀಕರಿಸಲು ಹೋದವನನ್ನು ಕೂರಿಸಿ, ವಿಮೆಯೂ ಶೇರೂ ಬೆರೆಸಿದ ಪಾಲಿಸಿ ತೋರಿಸಿದ. "ಅಂಕಲ್, 10 ವರ್ಷ ಬಿಟ್ಟು ನೋಡಿ" ಅಂದ. ಅರವತ್ತು ದಾಟಿದವನಿಗೆ 10 ವರ್ಷದ ಬೀಗ! ಸೊಸೈಟಿ ವಿಷಯದಲ್ಲಿ ನನ್ನ ಅಡ್ಡಿ ಬೇರೆ. ಬ್ಯಾಂಕಿನ ಠೇವಣಿಗೆ ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ 5 ಲಕ್ಷದವರೆಗೆ ಠೇವಣಿ ವಿಮೆ ಇದೆ, 2020ರಿಂದ. ಪ್ರಾಥಮಿಕ ಕೃಷಿ ಸಹಕಾರ ಸಂಘಗಳಿಗೆ ಆ ವಿಮೆ ಅನ್ವಯಿಸುವುದಿಲ್ಲ. ಭಾವನಿಗೆ ಇದನ್ನು ಹೇಳಿದಾಗ "ನಮ್ಮ ಸೊಸೈಟಿಗೆ ಏನೂ ಆಗುವುದಿಲ್ಲ" ಅಂದರು. ಆಗದೇ ಇರಲಿ. ಆದರೆ ನನ್ನ ಪೂರ್ತಿ ಗಂಟನ್ನು ಆ ಮಾತಿನ ಮೇಲೆ ಇಡಲಾರೆ.

ಉಳಿದ ದಾರಿ ಮ್ಯೂಚುವಲ್ ಫಂಡ್: ಹಲವರ ಹಣ ಒಟ್ಟುಮಾಡಿ ಶೇರಿನಲ್ಲೋ ಸಾಲಪತ್ರದಲ್ಲೋ ಹಾಕುತ್ತಾರೆ, ನಮ್ಮ ಪಾಲನ್ನು ಯೂನಿಟ್ ಲೆಕ್ಕದಲ್ಲಿ ಕೊಡುತ್ತಾರೆ. ಸಂಬಳ ಬರುವವನಿಗೂ ನಿವೃತ್ತನಿಗೂ ಮಾರುಕಟ್ಟೆ ಒಂದೇ, ಏಟು ಬೇರೆ. ಸಂಬಳದವನಿಗೆ ಬೆಲೆ ಬಿದ್ದಾಗ ತಿಂಗಳ ಕಂತಿನಲ್ಲಿ (ಎಸ್‌ಐಪಿ) ಹೆಚ್ಚು ಯೂನಿಟ್ ಸಿಗುತ್ತದೆ. ನಾವು ಅದೇ ಹೊತ್ತಿಗೆ ಮನೆ ಖರ್ಚಿಗೆ ಯೂನಿಟ್ ಮಾರುತ್ತಿರುತ್ತೇವೆ. 10 ಲಕ್ಷ ಬಿದ್ದು 6 ಲಕ್ಷ ಆಯಿತು ಅಂತಿಟ್ಟುಕೊಳ್ಳಿ. ಅದರಲ್ಲಿ 1 ಲಕ್ಷ ತೆಗೆದರೆ ಉಳಿದದ್ದು 5. ಅದು ಮತ್ತೆ 10 ಆಗಬೇಕಾದರೆ ಇಮ್ಮಡಿಯಾಗಬೇಕು. ಮಾರುಕಟ್ಟೆ ಚೇತರಿಸಿಕೊಂಡರೂ ನಾವು ಚೇತರಿಸಿಕೊಳ್ಳುವುದಿಲ್ಲ.

ಹಾಗಾಗಿ ಫಂಡ್ ಆರಿಸುವಾಗ "ಎಷ್ಟು ಕೊಟ್ಟಿದೆ" ಎಂಬ ಕಾಲಮನ್ನೇ ಹಾಕಲಿಲ್ಲ. ಉದ್ದದ ಲೆಡ್ಜರ್ ಪುಸ್ತಕ ತೆಗೆದು ಎರಡು ಕಾಲಮ್ ಎಳೆದೆ: ಮೇಲಿನಿಂದ ಎಷ್ಟು ಬಿತ್ತು, ಹಳೆ ಮಟ್ಟಕ್ಕೆ ಬರಲು ಎಷ್ಟು ತಿಂಗಳು ಹಿಡಿಯಿತು. ಅಳತೆಗೋಲಾಗಿ ಮೊದಲ ಸಾಲಿನಲ್ಲಿ ಶೇರು ಮಾರುಕಟ್ಟೆಯ ಸೂಚ್ಯಂಕವಾದ ನಿಫ್ಟಿ ಬರೆದೆ. 2020ರ ಜನವರಿಯಲ್ಲಿ 12,300ರ ಮೇಲಿದ್ದದ್ದು ಮಾರ್ಚ್ 23ಕ್ಕೆ 7,610. ನೂರಕ್ಕೆ 38ರಷ್ಟು ಕುಸಿತ. ಆ ಸಲ ನವೆಂಬರ್ ಹೊತ್ತಿಗೆ ವಾಪಸ್ ಬಂತು. 2008ರಲ್ಲಿ ಹಾಗಾಗಲಿಲ್ಲ. ಇನ್ನೊಂದು ಸೂಚ್ಯಂಕ ಸೆನ್ಸೆಕ್ಸ್ 21,000ದ ಹತ್ತಿರದಿಂದ ಅಕ್ಟೋಬರಿನಲ್ಲಿ 8,500ರ ಆಸುಪಾಸಿಗೆ ಇಳಿದಿತ್ತು, ಮತ್ತೆ ಮೇಲೆ ಮುಟ್ಟಿದ್ದು 2010ರ ನವೆಂಬರಿನಲ್ಲಿ. ಜನ 2020ನ್ನು ಮಾತ್ರ ನೆನಪಿಟ್ಟುಕೊಳ್ಳುತ್ತಾರೆ. ನಾನು ಯೋಜನೆ ಹಾಕಿದ್ದು 2008ನ್ನು ಇಟ್ಟುಕೊಂಡು.

ಈ ಪಟ್ಟಿಗೆ ಬೇಕಾದ ಎನ್‌ಎವಿ, ಅಂದರೆ ಒಂದು ಯೂನಿಟ್ಟಿನ ಬೆಲೆ, ಎಲ್ಲ ಫಂಡ್ ಸಂಸ್ಥೆಗಳ ಸಂಘವಾದ ಆಂಫಿಯ ವೆಬ್‌ಸೈಟಿನಲ್ಲಿ ದಿನದ ಲೆಕ್ಕದಲ್ಲಿ ಸಿಗುತ್ತದೆ. ಕೂತು ಬರೆಯುವ ತಾಳ್ಮೆ ಬೇಕು, ಅಷ್ಟೆ. ಬರೆಯುತ್ತಾ ಹೋದಂತೆ ಹೆಸರಿನ ಮೇಲಿನ ನಂಬಿಕೆ ಕಡಿಮೆಯಾಯಿತು. ಶೇರೂ ಸಾಲಪತ್ರವೂ ಬೆರೆಸಿದ ಬ್ಯಾಲೆನ್ಸ್‌ಡ್ ಅಡ್ವಾಂಟೇಜ್ ಎಂಬ ಒಂದೇ ಹೆಸರಿನಡಿ ಕೆಲವು ಫಂಡ್ ಸ್ವಲ್ಪವೇ ಬಿದ್ದಿದ್ದವು, ಕೆಲವು ಹೆಚ್ಚುಕಡಿಮೆ ಶೇರು ಫಂಡಿನಂತೆಯೇ ಬಿದ್ದಿದ್ದವು. ಈ ಬಗೆಯಲ್ಲಿ ಶೇರು ಎಷ್ಟಿರಬೇಕು ಎಂಬುದನ್ನು ಫಂಡಿನವರೇ ನಿರ್ಧರಿಸುತ್ತಾರೆ. ಕನ್ಸರ್ವೇಟಿವ್ ಹೈಬ್ರಿಡ್ ಎಂಬ ಇನ್ನೊಂದು ಬಗೆಗಾದರೆ ಮಾರುಕಟ್ಟೆ ನಿಯಂತ್ರಕ ಸೆಬಿ ಮಿತಿ ಹಾಕಿದೆ, ಶೇರು ನೂರಕ್ಕೆ 10ರಿಂದ 25 ಮಾತ್ರ.

ಲೋ ವೊಲಾಟಿಲಿಟಿ ಇಂಡೆಕ್ಸ್ ಫಂಡನ್ನೂ ನೋಡಿದೆ. ನಿಫ್ಟಿ 100ರೊಳಗೆ ಬೆಲೆ ಅತಿ ಕಡಿಮೆ ಕುಣಿದ 30 ಶೇರುಗಳನ್ನು ಆರಿಸಿ ಮಾಡಿದ ಸೂಚ್ಯಂಕ ಅದು. ನನಗೆ ಇಷ್ಟವಾಯಿತು. ಆದರೆ ಅದು ಪೂರ್ತಿ ಶೇರು ಎಂಬುದನ್ನು ಮರೆಯಬಾರದು. 2020ರಲ್ಲಿ ಅದೂ ಬಿತ್ತು, ನಿಫ್ಟಿಗಿಂತ ಕಡಿಮೆ ಬಿತ್ತು, ಅಷ್ಟೇ. ಅಸಲು ಕಾಯುವ ಜಾಗ ಅದಲ್ಲ. ಶೇರಿಗೆ ಅಂತ ಇಟ್ಟ ಪಾಲನ್ನು ಸ್ವಲ್ಪ ಮೆತ್ತಗೆ ಮಾಡಿಕೊಳ್ಳುವ ದಾರಿ.

ನಿಜವಾಗಿ ಹೊತ್ತು ಹಿಡಿದದ್ದು ಸಾಲಪತ್ರದ ಫಂಡ್‌ಗಳು. "ಡೆಟ್ ಫಂಡ್ ಅಲ್ವಾ, ಏನಾಗುತ್ತದೆ" ಅಂತ ಎಲ್ಲರೂ ಹಗುರವಾಗಿ ಹೇಳುತ್ತಾರೆ. 2020ರ ಏಪ್ರಿಲ್‌ನಲ್ಲಿ ಒಂದು ದೊಡ್ಡ ಫಂಡ್ ಸಂಸ್ಥೆ 6 ಸಾಲಪತ್ರ ಯೋಜನೆಗಳನ್ನು ಒಮ್ಮೆಲೇ ನಿಲ್ಲಿಸಿತು, ಹಣ ಕಂತುಕಂತಾಗಿ ಬರುವವರೆಗೆ ಜನ ಕಾಯಬೇಕಾಯಿತು. ಇದು ಸಾಲ ಪಡೆದವರ ದರ್ಜೆಯ ಅಪಾಯ. ಇನ್ನೊಂದು ಬಡ್ಡಿದರದ್ದು: 2022ರ ಮೇ ತಿಂಗಳಿಂದ 2023ರ ಫೆಬ್ರವರಿಯೊಳಗೆ ರಿಸರ್ವ್ ಬ್ಯಾಂಕ್ ತಾನು ಬ್ಯಾಂಕುಗಳಿಗೆ ಸಾಲ ಕೊಡುವ ರೆಪೊ ದರವನ್ನು ನೂರಕ್ಕೆ 4ರಿಂದ 6.5ಕ್ಕೆ ಏರಿಸಿತು. ದರ ಏರಿದರೆ ಹಳೆ ಸಾಲಪತ್ರದ ಬೆಲೆ ಇಳಿಯುತ್ತದೆ, ಅವಧಿ ಉದ್ದವಾದಷ್ಟು ಇಳಿತ ಹೆಚ್ಚು. ಸರ್ಕಾರಿ ಸಾಲಪತ್ರ ಮುಳುಗುವುದಿಲ್ಲ ನಿಜ, ಆದರೆ ಎನ್‌ಎವಿ ಕುಗ್ಗುವುದನ್ನು ಅದು ತಡೆಯುವುದಿಲ್ಲ.

ಎರಡನ್ನೂ ಒಟ್ಟಿಗೆ ತೋರಿಸುವ ಚಿಕ್ಕ ಪೆಟ್ಟಿಗೆಯೊಂದು 2021ರ ಕೊನೆಯಿಂದ ಪ್ರತಿ ಸಾಲಪತ್ರ ಫಂಡಿನ ಮಾಹಿತಿ ಹಾಳೆಯಲ್ಲಿ (ಫ್ಯಾಕ್ಟ್‌ಶೀಟ್) ಇದೆ. ಮೂರಕ್ಕೆ ಮೂರು ಮನೆ. ಎ, ಬಿ, ಸಿ ಅಂದರೆ ಸಾಲ ಮುಳುಗುವ ಅಪಾಯ. 1, 2, 3 ಅಂತ ರೋಮನ್ ಅಂಕಿಯಲ್ಲಿರುವುದು ಬಡ್ಡಿದರದ ಅಪಾಯ. ಅಪಾಯ ತೋರಿಸುವ ಮುಳ್ಳಿನ ಚಿತ್ರವಾದ ರಿಸ್ಕೋಮೀಟರ್ ಆ ತಿಂಗಳ ಸ್ಥಿತಿ ಹೇಳುತ್ತದೆ. ಈ ಪೆಟ್ಟಿಗೆ, ಫಂಡಿನವರು ಹೆಚ್ಚೆಂದರೆ ಎಲ್ಲಿವರೆಗೆ ಹೋಗಬಹುದು ಎಂಬುದನ್ನು ಹೇಳುತ್ತದೆ. ನಾನು ಎ ಕಾಲಮಿನಲ್ಲಿ, 1 ಮತ್ತು 2ರೊಳಗೆ ಇರುವುದನ್ನು ಮಾತ್ರ ಉಳಿಸಿಕೊಂಡೆ. ಪಟ್ಟಿ ತಟ್ಟನೆ ಚಿಕ್ಕದಾಯಿತು. ಮತ್ತೆ ಅದೇ ಬಗೆಯ ಉಳಿದ ಫಂಡ್‌ಗಳಿಗಿಂತ ಒಂದರ ಬಡ್ಡಿ ಎದ್ದು ಕಾಣುತ್ತಿದ್ದರೆ ಅದನ್ನೂ ಹೊಡೆದು ಹಾಕಿದೆ. ಸುಮ್ನೆ ಯಾರೂ ಹೆಚ್ಚು ಬಡ್ಡಿ ಕೊಡುವುದಿಲ್ಲ. ಫಂಡಿನವರು ವರ್ಷಕ್ಕೆ ಮುರಿದುಕೊಳ್ಳುವ ಖರ್ಚಿನ ಅನುಪಾತವನ್ನೂ ನೋಡಿ, ನಡುವೆ ಏಜೆಂಟ್ ಕಮಿಷನ್ ಇಲ್ಲದ ಡೈರೆಕ್ಟ್ ಪ್ಲಾನ್ ತೆಗೆದುಕೊಂಡೆ. 7 ರೂಪಾಯಿ ಬರುವಲ್ಲಿ 1 ರೂಪಾಯಿ ದಾರಿಯಲ್ಲೇ ಹೋದರೆ ಉಳಿಯುವುದೇನು?

ಕೊನೆಗೆ ಹಂಚಿದ್ದು ಹೀಗೆ. ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಮಿತಿಯಷ್ಟೂ, ಅಂದರೆ 30 ಲಕ್ಷ. ನಾನು ಹಾಕಿದಾಗ ದರ ನೂರಕ್ಕೆ 8.2, ಅದು 5 ವರ್ಷಕ್ಕೆ ಬದಲಾಗುವುದಿಲ್ಲ. ಮೂರು ತಿಂಗಳಿಗೊಮ್ಮೆ 61,500 ರೂಪಾಯಿ ಅಂಚೆ ಕಚೇರಿಯ ಖಾತೆಗೆ ಬೀಳುತ್ತದೆ. ಅಂದರೆ ಖರ್ಚಿನ ಅರ್ಧ ಅಲ್ಲೇ ಆಯಿತು. ಉಳಿದ ಅರ್ಧಕ್ಕೆ ಎರಡು ವರ್ಷಕ್ಕಾಗುವ 5 ಲಕ್ಷ, ಬಹಳ ಕಡಿಮೆ ಅವಧಿಯ ಸಾಲಪತ್ರದ ಲಿಕ್ವಿಡ್ ಫಂಡಿನಲ್ಲಿ, ಮಳೆಗಾಲಕ್ಕೆ ಕಟ್ಟಿಗೆ ಒಟ್ಟಿಟ್ಟ ಹಾಗೆ. 20 ಲಕ್ಷ ಶಾರ್ಟ್ ಡ್ಯುರೇಶನ್ (ಕಡಿಮೆ ಅವಧಿಯ ಸಾಲಪತ್ರ) ಮತ್ತು ಬ್ಯಾಂಕಿಂಗ್-ಪಿಎಸ್‌ಯು (ಬ್ಯಾಂಕು, ಸರ್ಕಾರಿ ಕಂಪನಿಗಳ ಸಾಲಪತ್ರ) ಫಂಡಿನಲ್ಲಿ. 15 ಲಕ್ಷ ಕಡಿಮೆ ಬಿದ್ದಿದ್ದ ಒಂದು ಬ್ಯಾಲೆನ್ಸ್‌ಡ್ ಅಡ್ವಾಂಟೇಜ್‌ನಲ್ಲಿ. 10 ಲಕ್ಷ ಲೋ ವೊಲಾಟಿಲಿಟಿ ಇಂಡೆಕ್ಸ್‌ನಲ್ಲಿ.

ಹೆಂಡತಿಗೆ ಇದನ್ನೆಲ್ಲ ವಿವರಿಸುತ್ತಾ ಕೂತಾಗ ಅವಳು ಕೇಳಿದ್ದು ಒಂದೇ ಪ್ರಶ್ನೆ: "ಹೆಚ್ಚೆಂದರೆ ಎಷ್ಟು ಹೋಗುತ್ತದೆ, ಅದು ಹೇಳಿ." ಶೇರು ಫಂಡ್ ನೂರಕ್ಕೆ 40, ಬ್ಯಾಲೆನ್ಸ್‌ಡ್ ನೂರಕ್ಕೆ 25 ಬಿದ್ದರೂ ಕಾಗದದ ಮೇಲಿನ ನಷ್ಟ ಏಳೂಮುಕ್ಕಾಲು ಲಕ್ಷ. 80ರಲ್ಲಿ ಅದು ನೂರಕ್ಕೆ ಹತ್ತರ ಒಳಗೆ. ಆ ಹೊತ್ತಿಗೆ ಶೇರಿನ ಒಂದು ಯೂನಿಟ್ಟನ್ನೂ ಮಾರದೆ ಮೂರು ವರ್ಷ ಮನೆ ನಡೆಯುತ್ತದೆಯೇ ಅಂತಲೂ ನೋಡಿದೆ. ಲಿಕ್ವಿಡ್ ಮುಗಿದರೆ ಶಾರ್ಟ್ ಡ್ಯುರೇಶನ್ ಇದೆ. ನಡೆಯುತ್ತದೆ.

ಪೂರ್ತಿ ಠೇವಣಿಯಲ್ಲೇ ಯಾಕೆ ಇಡಲಿಲ್ಲ ಅಂತ ಕೇಳುವವರಿದ್ದಾರೆ. ಬೆಲೆ ವರ್ಷಕ್ಕೆ ನೂರಕ್ಕೆ 6 ಏರಿದರೆ 12 ವರ್ಷದಲ್ಲಿ ಈಗಿನ 40 ಸಾವಿರದ ಖರ್ಚು 80 ಸಾವಿರ ಆಗುತ್ತದೆ. ಆ 25 ಲಕ್ಷ ಇರುವುದು ಅದಕ್ಕೆ.

ಗಲ್ಫ್‌ನಿಂದ ಬರುವವರಿಗೆ ಒಂದು ಮಾತು: ಕಾಗದಪತ್ರ ಮೊದಲು ಮುಗಿಸಿ. ಎನ್‌ಆರ್‌ಇ ಖಾತೆಯನ್ನು ನಿವಾಸಿ ಖಾತೆಯಾಗಿ ಬದಲಿಸಬೇಕು, ಅದರ ಬಡ್ಡಿಯ ತೆರಿಗೆ ವಿನಾಯಿತಿ ಮುಂದುವರಿಯುವುದಿಲ್ಲ. ಹಳೆ ಫಂಡ್‌ಗಳಿದ್ದರೆ ಕೆವೈಸಿಯಲ್ಲೂ ನಿವಾಸಿ ಅಂತ ತಿದ್ದಿಸಬೇಕು. ಅನಿವಾಸಿಯಾಗಿ ಇರುವವರೆಗೆ ಹಿರಿಯರ ಯೋಜನೆಯ ಖಾತೆ ತೆರೆಯಲಾಗುವುದಿಲ್ಲ. 2023ರ ಏಪ್ರಿಲ್ 1ರಿಂದ ಈಚೆಗೆ ಕೊಂಡ ಸಾಲಪತ್ರ ಫಂಡಿನ ಲಾಭಕ್ಕೆ ಎಷ್ಟು ವರ್ಷ ಇಟ್ಟರೂ ನಮ್ಮ ಸ್ಲ್ಯಾಬಿನಂತೆಯೇ ತೆರಿಗೆ. ಲಾಭವನ್ನು ಠೇವಣಿಯೊಡನೆ ಹೋಲಿಸುವಾಗ ಇದು ನೆನಪಿರಲಿ.

ಹೆಂಡತಿಗೆ ಇನ್ನು ಸ್ವಲ್ಪ ಸಮಯದಲ್ಲಿ ಅರವತ್ತು ತುಂಬುತ್ತದೆ. ಆಗ ಅವಳ ಹೆಸರಿನಲ್ಲೂ ಹಿರಿಯರ ಖಾತೆ ತೆರೆಯಬಹುದು. ನಾನು ಕೊಟ್ಟ ಹಣವಾದ್ದರಿಂದ ಬಡ್ಡಿಯ ತೆರಿಗೆ ನನ್ನ ಲೆಕ್ಕಕ್ಕೇ ಸೇರುತ್ತದೆ, ಪರವಾಗಿಲ್ಲ. ಆ ಹೊತ್ತಿನ ದರ ನೋಡಿ ಶಾರ್ಟ್ ಡ್ಯುರೇಶನ್‌ನ 20 ಲಕ್ಷದಲ್ಲಿ ಅರ್ಧವನ್ನು ಅಲ್ಲಿಗೆ ದಾಟಿಸುವ ಅಂದಾಜಿದೆ.